ತೋಟದ ರೈಲಿಗೆ ವ್ಯಾಗನ್: ಕೊಳ್ಳಬೇಕಾ, ಕಟ್ಟಬೇಕಾ?

ಮನೆ ತೋಟದಲ್ಲಿ ಹಳಿ ಹಾಸಿ ಓಡಿಸುವ ಮಾದರಿ ರೈಲಿಗೆ ನಾನು ಕೈಯಾರೆ ಕಟ್ಟಿದ ಮೊದಲ ವ್ಯಾಗನ್ ನೋಡೋಕೆ ಬಹಳ ಚೆನ್ನಾಗಿತ್ತು. ಒಂದೊಂದೇ ಹಲಗೆ ಕೂರಿಸಿದ್ದೆ, ಬೋಲ್ಟಿನ ತಲೆ ಕಾಣಲಿ ಅಂತ ಗುಂಡುಸೂಜಿ ಕತ್ತರಿಸಿ ಚುಚ್ಚಿದ್ದೆ. ಮೊದಲ ತಿರುವಿನಲ್ಲೇ ಹಳಿ ತಪ್ಪಿತು. ಎತ್ತಿ ಇಟ್ಟೆ, ಮತ್ತೆ ತಪ್ಪಿತು. ಅದರ ಹಿಂದೆ ಬರುತ್ತಿದ್ದ, ಬಣ್ಣ ಮಾಸಿದ ಹಳೇ ಪ್ಲಾಸ್ಟಿಕ್ ವ್ಯಾಗನ್ ಮಾತ್ರ ಅದೇ ತಿರುವನ್ನು ಆರಾಮಾಗಿ ದಾಟುತ್ತಿತ್ತು. ನಾನು ವಾರಗಟ್ಟಲೆ ಕೂತು ಮಾಡಿದ್ದು ಮೇಲಿನ ಪೆಟ್ಟಿಗೆ. ತಪ್ಪು ಇದ್ದದ್ದು ಕೆಳಗೆ, ಗಾಲಿಯಲ್ಲಿ.

ಆಮೇಲೆ ಎಷ್ಟೋ ವ್ಯಾಗನ್ ಕೊಂಡೆ, ಎಷ್ಟೋ ಕಟ್ಟಿದೆ. ಹೊಸದು, ಹಳೆಯದು, ಕಿಟ್, ಸ್ವಂತದ್ದು, ಯಾವ ದಾರಿ ಹಿಡಿದರೂ ನಾನು ಈಗ ಮೊದಲು ವ್ಯಾಗನ್ ತಿರುಗಿಸಿ ಹೊಟ್ಟೆ ನೋಡುತ್ತೇನೆ. ಕೆಳಗಿನ ಭಾಗ ಎಲ್ಲಿಂದ ಬರುತ್ತದೆ ಅಂತ ತೀರ್ಮಾನ ಆದರೆ ಕೊಳ್ಳೋದಾ ಕಟ್ಟೋದಾ ಅನ್ನುವ ಪ್ರಶ್ನೆ ಅರ್ಧ ಮುಗಿದ ಹಾಗೆ.

ಒಂದು ಪದ ಮೊದಲೇ ಹೇಳಿಬಿಡುತ್ತೇನೆ. ನಾವು ಮಾತಿನಲ್ಲಿ ಬೋಗಿ ಅಂದರೆ ಇಡೀ ಡಬ್ಬಿ. ಈ ಹವ್ಯಾಸದಲ್ಲಿ ಬೋಗಿ ಅಂದರೆ ಉದ್ದ ಡಬ್ಬಿಯ ಎರಡು ತುದಿಗಳ ಕೆಳಗೆ ತಿರುಗುವ, ನಾಲ್ಕು ಗಾಲಿಯ ಚೌಕಟ್ಟು ಮಾತ್ರ. ಇಲ್ಲೂ ಅದೇ ಅರ್ಥದಲ್ಲಿ ಬಳಸುತ್ತೇನೆ.

ಮೊದಲು ಅಳತೆ

ತೋಟದ ರೈಲಿನಲ್ಲಿ ಜಾಸ್ತಿ ಕಾಣುವುದು ಎರಡು ಗೇಜ್: 45 ಮಿ.ಮೀ. ಮತ್ತು 32 ಮಿ.ಮೀ. ಗೇಜ್ ಅಂದರೆ ಎರಡು ಹಳಿಗಳ ಒಳಅಂಚುಗಳ ನಡುವಿನ ಅಂತರ. ಹಳಿ ಒಂದೇ ಆದರೂ ಅದರ ಮೇಲೆ ಓಡುವ ವ್ಯಾಗನ್‌ಗಳ ಸ್ಕೇಲ್, ಅಂದರೆ ನಿಜವಾದದ್ದಕ್ಕಿಂತ ಮಾದರಿ ಎಷ್ಟು ಪಟ್ಟು ಚಿಕ್ಕದು ಅನ್ನುವ ಅನುಪಾತ, ಒಂದೇ ಇರುವುದಿಲ್ಲ. ಹೊಸಬರು ಎಡವುವುದು ಇಲ್ಲೇ. 45 ಮಿ.ಮೀ. ಹಳಿಯನ್ನು 1:32ರಲ್ಲಿ ಲೆಕ್ಕ ಹಾಕಿದರೆ 1440 ಮಿ.ಮೀ. ಬರುತ್ತದೆ, ಅಂದರೆ ಹೆಚ್ಚುಕಡಿಮೆ 1435 ಮಿ.ಮೀ.ನ ಸ್ಟ್ಯಾಂಡರ್ಡ್ ಗೇಜ್. ಅದೇ ಹಳಿ 1:22.5ರಲ್ಲಿ ಮೀಟರ್ ಗೇಜ್ ಆಗುತ್ತದೆ. 1:20.3ಕ್ಕೆ ಬಂದರೆ ಮೂರು ಅಡಿ ಗೇಜ್, ಕೊಲೊರಾಡೊ ಬೆಟ್ಟಗಳಲ್ಲಿ ಓಡುತ್ತಿದ್ದಂಥದ್ದು. 32 ಮಿ.ಮೀ. ಹಳಿ 1:19ರಲ್ಲಿ ಎರಡು ಅಡಿ ಗೇಜ್, ವೇಲ್ಸ್‌ನ ಸ್ಲೇಟ್ ಗಣಿಗಳ ಪುಟ್ಟ ರೈಲುಗಳ ಜಾತಿ. ಅಮೆರಿಕದ ದೊಡ್ಡ ಲೈನಿನ ಡಬ್ಬಿಗಳು 1:29ರಲ್ಲೂ ಸಿಗುತ್ತವೆ. ಆ ಲೆಕ್ಕಕ್ಕೆ 45 ಮಿ.ಮೀ. ಹಳಿ ಸ್ವಲ್ಪ ಕಿರಿದಾಯಿತು, ಆದರೂ ಅವಕ್ಕೆ ಅವುಗಳದೇ ಅಭಿಮಾನಿಗಳಿದ್ದಾರೆ.

45 ಮಿ.ಮೀ. ಹಳಿಯಲ್ಲಿ ಓಡುವ ಎಲ್ಲದಕ್ಕೂ 'ಜಿ ಸ್ಕೇಲ್' ಅಂತ ಒಂದೇ ಹೆಸರು ಹಾಕಿ ಮಾರುವುದುಂಟು. ಆ ಹೆಸರು ನಂಬಿ ತರಬೇಡಿ, ಪೆಟ್ಟಿಗೆಯ ಮೇಲಿನ ಅನುಪಾತ ನೋಡಿ. 170 ಸೆಂ.ಮೀ. ಎತ್ತರದ ಮನುಷ್ಯ 1:32ರಲ್ಲಿ 5.3 ಸೆಂ.ಮೀ. ಇರುತ್ತಾನೆ, 1:19ರಲ್ಲಿ ಸುಮಾರು 9 ಸೆಂ.ಮೀ. ನಿಮ್ಮ ಎಂಜಿನ್ ಡ್ರೈವರ್ ಗೊಂಬೆಯನ್ನು ತಂದು ವ್ಯಾಗನ್ ಬಾಗಿಲ ಮುಂದೆ ನಿಲ್ಲಿಸಿ. ಒಳಗೆ ಹೋಗೋಕೆ ಅವನು ಬಗ್ಗಬೇಕಾ? ಹಾಗಾದರೆ ಆ ವ್ಯಾಗನ್ ನಿಮ್ಮದಲ್ಲ. ತೆರೆದ ವ್ಯಾಗನ್‌ಗೆ ಈ ಗೊಡವೆ ಕಡಿಮೆ. ನಿಜವಾದ ಸಣ್ಣ ರೈಲುಗಳಲ್ಲೂ ತೆರೆದ ವ್ಯಾಗನ್‌ಗಳು ಎಲ್ಲಾ ಗಾತ್ರದಲ್ಲಿ ಇದ್ದವು. ಬಾಗಿಲು, ಮೆಟ್ಟಿಲು, ಹಿಡಿಕೆ, ಬ್ರೇಕಿನ ಚಕ್ರ, ಅಂದರೆ ಮನುಷ್ಯನ ಕೈಕಾಲಿಗೆ ಅಂತ ಮಾಡಿದ ಭಾಗಗಳು ಮಾತ್ರ ಸ್ಕೇಲ್ ತಪ್ಪಿದ್ದನ್ನು ಕೂಡಲೇ ತೋರಿಸಿಬಿಡುತ್ತವೆ.

ಹೊಸದು, ಪೆಟ್ಟಿಗೆಯಿಂದ ತೆಗೆದು ಹಳಿಗೆ ಇಡುವಂಥದ್ದು

ಜರ್ಮನಿಯ ನ್ಯೂರೆಂಬರ್ಗ್‌ನ ಎಲ್‌ಜಿಬಿ ಅನ್ನುವ ಮಾದರಿ ರೈಲಿನ ಬ್ರಾಂಡ್ 1968ರಲ್ಲಿ ಮಾರುಕಟ್ಟೆಗೆ ಬಂದಾಗ ತೋರಿಸಿಕೊಟ್ಟದ್ದು ಒಂದು ಮುಖ್ಯ ವಿಷಯ: ಪ್ಲಾಸ್ಟಿಕ್ ರೈಲನ್ನು ಮಳೆಬಿಸಿಲಿಗೂ ತಯಾರು ಮಾಡಬಹುದು. ಇವತ್ತಿಗೂ ಆ ಹೆಸರು ಮಾರ್ಕ್ಲಿನ್ ಕಂಪನಿಯ ಕೈಯಲ್ಲಿ ಮುಂದುವರಿದಿದೆ. ಪೀಕೊ, ಬಾಖ್‌ಮನ್ ಕೂಡ ಇದೇ ದಾರಿಯವರು. ಲೋಹದ ವ್ಯಾಗನ್ ಬೇಕು ಅನ್ನುವವರು ಆಕ್ಯುಕ್ರಾಫ್ಟ್ ನೋಡುತ್ತಾರೆ.

ಹೊಸ ವ್ಯಾಗನ್‌ನ ದೊಡ್ಡ ಗುಣ ಅದು ಅವತ್ತೇ ಓಡುತ್ತದೆ. ಗಾಲಿಯ ಅಂತರ ಸರಿಯಾಗಿರುತ್ತದೆ, ವ್ಯಾಗನ್‌ಗಳನ್ನು ಒಂದಕ್ಕೊಂದು ಸೇರಿಸುವ ಕೊಂಡಿ ಒಂದೇ ಎತ್ತರದಲ್ಲಿರುತ್ತದೆ, 60 ಸೆಂ.ಮೀ. ತ್ರಿಜ್ಯದ ಬಿಗಿ ತಿರುವಿಗೂ ಎಷ್ಟೋ ಮಾದರಿಗಳು ಬಗ್ಗುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ನಿಮಗೆ ಕಟ್ಟೋದಕ್ಕಿಂತ ಓಡಿಸೋದೇ ಇಷ್ಟ ಇದ್ದರೆ, ಬೇರೆ ಯೋಚನೆ ಬೇಡ, ಇದನ್ನೇ ತನ್ನಿ.

ಕೊರತೆಯೂ ಇದೆ. ದುಡ್ಡು ಜಾಸ್ತಿ. ಎಲ್ಲರ ತೋಟದಲ್ಲೂ ಓಡುವ ಡಬ್ಬಿಯೇ ನಿಮ್ಮಲ್ಲೂ ಓಡುತ್ತದೆ. ಇನ್ನೊಂದು, ಕಡಿಮೆ ದರದ ಮಾದರಿಗಳಲ್ಲಿ ಗಾಲಿ ಪ್ಲಾಸ್ಟಿಕ್‌ದು. ಅದಕ್ಕೆ ಹಳಿಯ ಕೊಳೆ ಬೇಗ ಮೆತ್ತಿಕೊಳ್ಳುತ್ತದೆ, ವ್ಯಾಗನ್ ಕುಲುಕುತ್ತದೆ. ಲೋಹದ ಗಾಲಿ ಹಾಕಿದ ದಿನ ಅದೇ ವ್ಯಾಗನ್ ಬೇರೆಯೇ ಆಗುತ್ತದೆ. ಭಾರ ಕೆಳಗೆ ಇಳಿಯುತ್ತದೆ, ಓಟ ಹಗುರ ಆಗುತ್ತದೆ, ಹಳಿಯ ಕೀಲುಗಳ ಮೇಲೆ ಟಕ್ ಟಕ್ ಅಂತ ನಿಜವಾದ ಶಬ್ದ ಬರುತ್ತದೆ. ಹಾಗಾಗಿ ಬೆಲೆ ಹೋಲಿಸುವಾಗ ಗಾಲಿ ಬದಲಿಸುವ ಖರ್ಚನ್ನೂ ಸೇರಿಸಿ ನೋಡಿ.

ನೀವು ಮುಂದೆ ಎಲ್ಲವನ್ನೂ ಕೈಯಲ್ಲೇ ಕಟ್ಟುವವರಾದರೂ ಒಂದೇ ಒಂದು ರೆಡಿ ವ್ಯಾಗನ್ ಮೊದಲು ತನ್ನಿ. ಕೊಂಡಿಯ ಎತ್ತರ, ಗಾಲಿಯ ಅಂತರ, ತೂಕ, ಎಲ್ಲಕ್ಕೂ ಅದೇ ನಿಮ್ಮ ಅಳತೆಗೋಲು. ಹಳಿ ಕೆಟ್ಟಿದೆಯೋ ವ್ಯಾಗನ್ ಕೆಟ್ಟಿದೆಯೋ ಅಂತ ಗೊತ್ತಾಗದೇ ತಲೆ ಕೆಟ್ಟಾಗ ಜಗಳ ಬಿಡಿಸುವುದೂ ಅದೇ.

ಬೇರೆಯವರ ಕೈ ದಾಟಿ ಬಂದದ್ದು

ಹಳೇ ವ್ಯಾಗನ್ ಕೊಳ್ಳುವುದು ನನಗೆ ತುಂಬಾ ಇಷ್ಟ. ಒಳ್ಳೇ ಕಂಪನಿಯ ಹಳೇ ಮಾಲು ಹಲವು ವರ್ಷ ಬಿಸಿಲು ಕಂಡರೂ ಗಟ್ಟಿ ಇರುತ್ತದೆ, ಮಾಸಿದ ಬಣ್ಣ ಒಂದು ಕಳೆಯನ್ನೂ ಕೊಡುತ್ತದೆ. ಆದರೆ ಫೋಟೋ ನೋಡಿ ದುಡ್ಡು ಕೊಡಬೇಡಿ. ಹೊಟ್ಟೆಯ ಫೋಟೋ ಕೇಳಿ. ಗಾಲಿಯ ಅಂಚು ಒಡೆದಿದೆಯಾ, ಕೊಂಡಿಯ ಸ್ಪ್ರಿಂಗ್ ಇದೆಯಾ, ಬೋಗಿ ಹಿಡಿದ ಸ್ಕ್ರೂ ಮೂಲದ್ದಾ ಅಂತ ನೋಡಿ. ಎದುರಿಗೇ ಸಿಕ್ಕರೆ ಮೂಲೆಯ ಮೆಟ್ಟಿಲನ್ನು ಬೆರಳಲ್ಲಿ ಮೆತ್ತಗೆ ಬಗ್ಗಿಸಿ. ಸ್ವಲ್ಪ ಬಗ್ಗಿ ವಾಪಸ್ ಬಂದರೆ ಪ್ಲಾಸ್ಟಿಕ್‌ಗೆ ಇನ್ನೂ ಜೀವ ಇದೆ. ಬಗ್ಗದೆ ಚುರ್ ಅಂತ ಬಿರುಕು ಬಿಡುವ ಹಾಗಿದ್ದರೆ ಬಿಸಿಲು ಅದನ್ನು ತಿಂದಿದೆ.

ಒಡೆದ ವ್ಯಾಗನ್‌ಗಳನ್ನು ಮಾತ್ರ ಯಾವತ್ತೂ ಬಿಡಬೇಡಿ. ಮೇಲಿನ ಪೆಟ್ಟಿಗೆ ಹಾಳಾಗಿ, ಕೆಳಗಿನ ಚಾಸಿ ನೇರವಾಗಿ ಇರುವಂಥವು ಬಹಳ ಅಗ್ಗಕ್ಕೆ ಸಿಗುತ್ತವೆ. ಇದರಿಂದ ಏನು ಉಪಯೋಗ ಅಂತ ಮುಂದೆ ಹೇಳುತ್ತೇನೆ.

ಕಿಟ್

ಕಿಟ್‌ನಲ್ಲಿ ಭಾಗಗಳು ಕತ್ತರಿಸಿ ಬಂದಿರುತ್ತವೆ, ಜೋಡಿಸಿ ಬಣ್ಣ ಹಚ್ಚುವುದು ನಮ್ಮ ಪಾಲು. ಪ್ಲಾಸ್ಟಿಕ್ ಅಚ್ಚಿನ ಕಿಟ್ ಎರಡು ಸಂಜೆಯ ಕೆಲಸ. ಲೇಸರ್‌ನಲ್ಲಿ ಕತ್ತರಿಸಿದ ಮರದ ಕಿಟ್ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೂ ಕೈಗೆ ಕೆಲಸ ಕಲಿಸುತ್ತದೆ. ಕೊಳ್ಳುವ ಮುಂಚೆ ಎರಡೇ ಪ್ರಶ್ನೆ ಕೇಳಿ. ಗಾಲಿ, ಆಕ್ಸಲ್, ಕೊಂಡಿ ಪೆಟ್ಟಿಗೆಯಲ್ಲೇ ಇದೆಯಾ? ಎಷ್ಟೋ ಕಿಟ್‌ಗಳಲ್ಲಿ ಇರುವುದಿಲ್ಲ. ಮರ ಅಂತ ಬರೆದಿದ್ದರೆ ಯಾವ ಮರ? ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಆಗಿದ್ದರೆ ನಾನು ಮುಟ್ಟುವುದಿಲ್ಲ. ಒಮ್ಮೆ ಎಂಡಿಎಫ್ ವ್ಯಾಗನ್ ಒಂದನ್ನು ರಾತ್ರಿ ಹೊರಗೆ ಮರೆತೆ. ಮಳೆ ಬಂತು. ಬೆಳಿಗ್ಗೆ ನೋಡಿದರೆ ಅದರ ಕೆಳಅಂಚು ನೆನೆದ ಬಿಸ್ಕತ್ತಿನ ಹಾಗೆ ಉಬ್ಬಿತ್ತು. ಮೇಲೆ ಎರಡು ಪದರ ಬಣ್ಣ ಇತ್ತು, ಆದರೆ ಕತ್ತರಿಸಿದ ಅಂಚಿನಿಂದ ನೀರು ಒಳಗೆ ಹೋಗಿತ್ತು. ಒಣಗಿದ ಮೇಲೂ ಮೊದಲಿನ ಹಾಗೆ ಆಗಲಿಲ್ಲ.

ಎಲ್ಲವನ್ನೂ ನಾವೇ ಕಟ್ಟುವುದು

ಇಲ್ಲಿ ಹೋಲಿಕೆ ಮಾಡಬೇಕಾದದ್ದು ಸಾಮಾನುಗಳನ್ನು. ಮರ, ಪ್ಲಾಸ್ಟಿಕ್ ಶೀಟ್, 3ಡಿ ಪ್ರಿಂಟ್, ಲೋಹ, ಒಂದೊಂದಕ್ಕೂ ಒಂದೊಂದು ಸ್ವಭಾವ.

ಮರದಿಂದ ಶುರು ಮಾಡಿ ಅನ್ನುತ್ತೇನೆ. ನಿಜವಾದ ವ್ಯಾಗನ್ ಮರದ್ದಾಗಿದ್ದರೆ ಮಾದರಿಗೂ ಮರಕ್ಕಿಂತ ಚೆನ್ನಾಗಿ ಒಪ್ಪುವ ಸಾಮಾನು ಇಲ್ಲ. ಐಸ್‌ಕ್ರೀಮ್ ಕಡ್ಡಿ ತಗೊಳ್ಳಿ. ಸುಮಾರು 10 ಮಿ.ಮೀ. ಅಗಲ, 2 ಮಿ.ಮೀ. ದಪ್ಪ. 1:19ರಲ್ಲಿ ಇದು 19 ಸೆಂ.ಮೀ. ಅಗಲ, 3.8 ಸೆಂ.ಮೀ. ದಪ್ಪದ ಹಲಗೆ. ವ್ಯಾಗನ್‌ಗೆ ಹೇಳಿ ಮಾಡಿಸಿದ ಅಳತೆ ಅಲ್ವಾ! ದುಂಡಗಿನ ತುದಿ ಕತ್ತರಿಸಿ, ಅಂಚನ್ನು ಉಪ್ಪುಕಾಗದದಲ್ಲಿ ಒಂದೇ ಒಂದು ಸಲ ಸವರಿ. ಎರಡು ಹಲಗೆ ಪಕ್ಕಪಕ್ಕ ಕೂತಾಗ ನಡುವೆ ಕೂದಲೆಳೆಯಷ್ಟು ಗೆರೆ ಉಳಿಯುತ್ತದೆ. ಬಣ್ಣ ಹಚ್ಚಿದ ಮೇಲೆ ಇಡೀ ವ್ಯಾಗನ್‌ಗೆ ಜೀವ ಬರುವುದು ಆ ಗೆರೆಯಿಂದ. ಕಡ್ಡಿಗಳನ್ನು ಒಂದಕ್ಕೊಂದು ಅಂಟಿಸಿದರೆ ಸಾಲದು, ಹಿಂದೆ ತೆಳು ಪ್ಲೈವುಡ್ ಬೇಕು. ನೀರಿಗೆ ಬಿಟ್ಟುಕೊಳ್ಳದ ಅಂಟಿನ ಪ್ಲೈವುಡ್ಡೇ ಆಗಬೇಕು. ಅಂಟು ಕೂಡ ಅಷ್ಟೇ. ಮಾಮೂಲಿ ಬಿಳಿ ಗೋಂದು ನೀರಲ್ಲಿ ಮತ್ತೆ ಮೆತ್ತಗಾಗುತ್ತದೆ. ಡಿ3, ಡಿ4 ಅಂತ ಗುರುತಿರುವ ಮರದ ಅಂಟು ತೇವವನ್ನು ತಡೆಯುತ್ತದೆ, ಎರಡರಲ್ಲಿ ಡಿ4 ಜಾಸ್ತಿ ಗಟ್ಟಿ. ಬಣ್ಣಕ್ಕೆ ಮುಂಚೆ ಒಳಗೆ, ಹೊರಗೆ, ಅಡಿಗೆ, ಎಲ್ಲಾ ಕಡೆ ಸೀಲರ್ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಮರ ಬಾಗುತ್ತದೆ.

ಪ್ಲಾಸ್ಟಿಕ್ ಶೀಟ್, ಅಂದರೆ ಪಾಲಿಸ್ಟೈರೀನ್, ಕಬ್ಬಿಣದ ವ್ಯಾಗನ್‌ಗೆ ಚೆನ್ನಾಗಿ ಒಪ್ಪುತ್ತದೆ. ಚಾಕುವಿನಲ್ಲಿ ಗೀರಿ, ಬಗ್ಗಿಸಿದರೆ ಚಟ್ ಅಂತ ನೇರವಾಗಿ ಮುರಿಯುತ್ತದೆ. ದ್ರಾವಕ ಹಚ್ಚಿದರೆ ಎರಡು ತುಂಡು ಕರಗಿ ಒಂದೇ ಆಗುತ್ತವೆ. ತೋಟದಲ್ಲಿ ಓಡಬೇಕಾದರೆ ಗೋಡೆ 2 ಮಿ.ಮೀ. ಆದರೂ ಇರಲಿ. ಒಂದು ಎಚ್ಚರಿಕೆ: ಪೂರ್ತಿ ಮುಚ್ಚಿದ ಪೆಟ್ಟಿಗೆ ಕಟ್ಟಿದರೆ ಒಳಗೆ ಸಿಕ್ಕಿಕೊಂಡ ದ್ರಾವಕದ ಆವಿ ಗೋಡೆಗಳನ್ನು ನಿಧಾನಕ್ಕೆ ಸೊಟ್ಟ ಮಾಡುತ್ತದೆ. ಅಡಿಯಲ್ಲಿ ಎರಡು ತೂತು ಕೊರೆದುಬಿಡಿ. ಬಣ್ಣ ಹಚ್ಚದೆ ಬಿಸಿಲಿಗೂ ಬಿಡಬೇಡಿ. ಬಣ್ಣವೇ ಅದಕ್ಕೆ ಕೊಡೆ.

3ಡಿ ಪ್ರಿಂಟ್ ಬಂದ ಮೇಲೆ ಸಣ್ಣ ಭಾಗಗಳ ಕಷ್ಟ ಬಹಳ ಕಡಿಮೆಯಾಗಿದೆ. ಆಕ್ಸಲ್ ಬಾಕ್ಸ್, ಬ್ರೇಕಿನ ಸನ್ನೆ, ಬಾಗಿಲ ಕೀಲು, ಒಂದು ಮಾಡಿದರೆ ಇಪ್ಪತ್ತು ಮಾಡಿದ ಹಾಗೆ. ಆದರೆ ಯಾವ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಅನ್ನುವುದು ಮುಖ್ಯ. ಪಿಎಲ್ಎ ಅನ್ನುವ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗಲು ಶುರುವಾಗುತ್ತದೆ. ಕಪ್ಪು ಬಣ್ಣದ ಚಾಸಿ ಬೇಸಿಗೆ ಮಧ್ಯಾಹ್ನ ಹಳಿ ಮೇಲೆ ನಿಂತರೆ ಆ ಬಿಸಿ ದೂರದ ಮಾತಲ್ಲ. ಪಿಇಟಿಜಿ ಸುಮಾರು 80 ಡಿಗ್ರಿ ತಡೆಯುತ್ತದೆ. ಎಎಸ್ಎ ಸುಮಾರು 100 ಡಿಗ್ರಿವರೆಗೂ ಗಟ್ಟಿ, ಬಿಸಿಲಿನ ನೇರಳಾತೀತ ಕಿರಣಕ್ಕೂ ಚೆನ್ನಾಗಿ ನಿಲ್ಲುತ್ತದೆ. ಹೊರಗೆ ಓಡುವ ವ್ಯಾಗನ್‌ನ ಭಾರ ಹೊರುವ ಭಾಗಕ್ಕೆ ನನ್ನ ಮತ ಎಎಸ್ಎಗೆ. ಎಳೆತ ಬೀಳುವ ಕೊಂಡಿಯ ಕೊಕ್ಕೆಯನ್ನು ಮಾತ್ರ ಪ್ರಿಂಟ್ ಮಾಡಬೇಡಿ. ಪದರದಿಂದ ಪದರ ಬಿಡಿಸಿಕೊಂಡು ಕಿತ್ತುಬರುತ್ತದೆ. ಅದು ಲೋಹದ್ದೇ ಇರಲಿ.

ಲೋಹದಲ್ಲಿ ಇಡೀ ವ್ಯಾಗನ್ ಮಾಡುವುದು ಬೆಸುಗೆ ಚೆನ್ನಾಗಿ ಬರುವವರ ಕೆಲಸ. ಹಿತ್ತಾಳೆಯ ಚಾಸಿ ಒಂದು ಸಲ ನೇರವಾಗಿ ಕೂತರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಓಡುತ್ತದೆ. ನಾನು ಬೇಲಿಕಂಬಿಯಂಥ ಕೈಹಿಡಿಕೆಗೆ ಮಾತ್ರ ಹಿತ್ತಾಳೆ ತಂತಿ ಬಳಸುತ್ತೇನೆ.

ಕೆಳಗೆ ಕೊಂಡದ್ದು, ಮೇಲೆ ಕಟ್ಟಿದ್ದು

ಇದೇ ನನ್ನ ದಾರಿ. ಗಾಲಿ, ಆಕ್ಸಲ್, ಬೋಗಿ, ಕೊಂಡಿ, ಇವನ್ನು ಕೊಳ್ಳಿ. ಮೇಲಿನ ಪೆಟ್ಟಿಗೆಯನ್ನು ನೀವು ಕಟ್ಟಿ. ಮಿಲಿಮೀಟರಿನ ಹತ್ತನೇ ಭಾಗ ಲೆಕ್ಕಕ್ಕೆ ಬರುವುದು ಗಾಲಿಯಲ್ಲಿ, ಅದನ್ನು ಲೇತ್ ಇಲ್ಲದೆ ಮನೆಯಲ್ಲಿ ಮಾಡೋಕೆ ಹೋಗಬೇಡಿ. ಪೆಟ್ಟಿಗೆಯಲ್ಲಿ ಅರ್ಧ ಮಿ.ಮೀ. ಆಚೀಚೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಮುರಿದ ಡಬ್ಬಿ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ ಅಂದದ್ದು ಇದಕ್ಕೇ. ಅದರ ಚಾಸಿ ತೊಳೆದು, ಲೋಹದ ಗಾಲಿ ಹಾಕಿ, ಮೇಲೆ ಐಸ್‌ಕ್ರೀಮ್ ಕಡ್ಡಿಯ ಪೆಟ್ಟಿಗೆ ಕೂರಿಸಿದರೆ ಪ್ರಪಂಚದಲ್ಲಿ ಒಂದೇ ಇರುವ ವ್ಯಾಗನ್ ನಿಮ್ಮದಾಗುತ್ತದೆ.

ಕೊಂಡ ಗಾಲಿಯನ್ನೂ ಸುಮ್ನೆ ನಂಬಬೇಡಿ. ಒಂದು ಆಕ್ಸಲ್‌ನ ಎರಡು ಗಾಲಿಗಳ ಒಳಮೈ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. 45 ಮಿ.ಮೀ. ಗೇಜ್‌ಗೆ ಇದು 40 ಮಿ.ಮೀ. ಆಸುಪಾಸು, 32 ಮಿ.ಮೀ. ಗೇಜ್‌ಗೆ 28 ಮಿ.ಮೀ. ಇರಬೇಕು. ಅಂತರ ಕಡಿಮೆಯಾದರೆ ಹಳಿ ಕವಲಾಗುವ ಪಾಯಿಂಟ್‌ನಲ್ಲಿ ಗಾಲಿ ಏರಿಕೊಳ್ಳುತ್ತದೆ. ನನ್ನ ಆ ಮೊದಲ ವ್ಯಾಗನ್‌ನಲ್ಲಿ ಒಂದು ಜೋಡಿ ಗಾಲಿಯ ಅಂತರ ಸರಿ ಇರಲಿಲ್ಲ. ಜೊತೆಗೆ ನಾಲ್ಕು ಗಾಲಿಯಲ್ಲಿ ಒಂದು ನೆಲಕ್ಕೇ ತಾಗುತ್ತಿರಲಿಲ್ಲ.

ಅದನ್ನು ಕಂಡುಹಿಡಿಯೋಕೆ ಒಂದು ಗಾಜಿನ ತುಂಡು ಸಾಕು. ಚಾಸಿಯನ್ನು ಗಾಜಿನ ಮೇಲೆ ಇಟ್ಟು, ನಾಲ್ಕು ಮೂಲೆಯನ್ನೂ ಒಂದೊಂದಾಗಿ ಬೆರಳಿನಿಂದ ಒತ್ತಿ. ಎಲ್ಲೋ ಟಿಕ್ ಅಂತ ಸಣ್ಣ ಸದ್ದು ಬಂತಾ? ಅಲ್ಲಿ ಗಾಲಿ ಎದ್ದಿದೆ. ತೋಟದ ಹಳಿ ಮನೆಯೊಳಗಿನ ಮೇಜಿನ ಹಾಗಲ್ಲ. ಮಣ್ಣು ಕುಸಿಯುತ್ತದೆ, ಬೇರು ಎತ್ತುತ್ತದೆ. ಬಿಗಿಯಾದ ಚೌಕಟ್ಟಿನ ನಾಲ್ಕು ಗಾಲಿ ಅಂಥ ಹಳಿಯಲ್ಲಿ ನಿಲ್ಲುವುದಿಲ್ಲ. ಮೂರು ಕಾಲಿನ ಸ್ಟೂಲು ಎಂಥ ನೆಲದ ಮೇಲೂ ಕುಂಟುವುದಿಲ್ಲ ಅಲ್ವಾ, ಅದೇ ಉಪಾಯ ಇಲ್ಲೂ. ಒಂದು ಆಕ್ಸಲ್ ಗಟ್ಟಿಯಾಗಿರಲಿ, ಇನ್ನೊಂದು ನಡುವಿನ ಒಂದು ಮೊಳೆಯ ಮೇಲೆ ತಕ್ಕಡಿಯ ಹಾಗೆ ಮಿ.ಮೀ.ನಷ್ಟು ಆಚೀಚೆ ತೂಗಲಿ. ಬೋಗಿ ವ್ಯಾಗನ್ ಆದರೆ ಇನ್ನೂ ಸುಲಭ: ಒಂದು ತುದಿಯ ಬೋಗಿ ತಿರುಗಲಿ ಆದರೆ ಪಕ್ಕಕ್ಕೆ ವಾಲದಿರಲಿ, ಇನ್ನೊಂದರ ಸ್ಕ್ರೂ ಸ್ವಲ್ಪ ಸಡಿಲ ಬಿಟ್ಟು ಎಲ್ಲಾ ಕಡೆ ವಾಲಲು ಬಿಡಿ. ಸ್ಕ್ರೂ ಅರ್ಧ ಸುತ್ತು ಸಡಿಲಿಸಿದ್ದರಿಂದಲೇ ಹಳಿ ತಪ್ಪುವುದು ನಿಂತ ವ್ಯಾಗನ್‌ಗಳನ್ನು ನಾನು ನೋಡಿದ್ದೇನೆ.

ನಿಮ್ಮ ಎಂಜಿನ್‌ಗೆ ಕರೆಂಟ್ ಹಳಿಯಿಂದ ಬರುವುದಾದರೆ ಇನ್ನೊಂದು ವಿಷಯ. ಪ್ರತಿ ಆಕ್ಸಲ್‌ನ ಎರಡು ಲೋಹದ ಗಾಲಿಗಳಲ್ಲಿ ಒಂದಾದರೂ ಆಕ್ಸಲ್‌ನಿಂದ ವಿದ್ಯುತ್ ತಾಗದಂತೆ ಬೇರ್ಪಟ್ಟಿರಬೇಕು. ಇಲ್ಲದಿದ್ದರೆ ಆ ಆಕ್ಸಲ್ ಎರಡು ಹಳಿಯನ್ನೂ ಸೇರಿಸಿ ಶಾರ್ಟ್ ಮಾಡುತ್ತದೆ. ಬ್ಯಾಟರಿ ಅಥವಾ ಉಗಿ ಎಂಜಿನ್‌ನವರಿಗೆ ಈ ತಾಪತ್ರಯ ಇಲ್ಲ. ಉಗಿಯವರಿಗೆ ಬೇರೆಯದೇ ಒಂದಿದೆ: ಚಿಮಣಿಯಿಂದ ಎಣ್ಣೆ ಬೆರೆತ ಹನಿಗಳು ಹಾರಿ ಎಂಜಿನ್ ಹಿಂದಿನ ಮೊದಲ ವ್ಯಾಗನ್ ಮೇಲೆ ಬೀಳುತ್ತವೆ. ಆ ಜಾಗಕ್ಕೆ ಒರೆಸಿ ತೊಳೆಯಬಹುದಾದ ಗಟ್ಟಿ ಬಣ್ಣದ ವ್ಯಾಗನ್ ಇಡಿ. ಬರೀ ಮರದ ಬಣ್ಣ ಕಾಣಲಿ ಅಂತ ಬಿಟ್ಟದ್ದನ್ನು ಹಿಂದಕ್ಕೆ ಹಾಕಿ.

ತೂಕ, ಕೊಂಡಿ

ಬೇರೆ ಬೇರೆ ಕಡೆಯಿಂದ ಬಂದ ವ್ಯಾಗನ್‌ಗಳು ಒಂದೇ ರೈಲಿನಲ್ಲಿ ಓಡುವಾಗ ಜಗಳ ಆಗುವುದು ತೂಕಕ್ಕೆ, ಕೊಂಡಿಗೆ. ಹಗುರ ಡಬ್ಬಿ ಮುಂದೆ, ಭಾರದ್ದು ಹಿಂದೆ ಇದ್ದರೆ ತಿರುವಿನಲ್ಲಿ ಎಳೆದ ಹಗ್ಗ ನೆಟ್ಟಗಾಗುವ ಹಾಗೆ ಹಗುರದ್ದು ಒಳಗಡೆಗೆ ಬೀಳುತ್ತದೆ. ನನ್ನ ನಾಲ್ಕು ಗಾಲಿಯ ವ್ಯಾಗನ್‌ಗಳನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ಅರ್ಧ ಕೆ.ಜಿ. ಹತ್ತಿರಕ್ಕೆ ತಂದಿದ್ದೇನೆ. ತೂಕವನ್ನು ಆದಷ್ಟು ಕೆಳಗೆ, ಆಕ್ಸಲ್‌ಗಳ ಮೇಲೆ ಕೂರಿಸಿ. ಕಬ್ಬಿಣದ ನಟ್ಟು, ವಾಷರ್ ಸಾಕು. ಸೀಸದ ಗುಂಡು ತುಂಬಿ ಬಿಳಿ ಗೋಂದು ಸುರಿಯಬೇಡಿ. ಎರಡೂ ಸೇರಿ ಕಾಲ ಕಳೆದಂತೆ ಉಬ್ಬಿ ಪೆಟ್ಟಿಗೆಯನ್ನೇ ಸೀಳುತ್ತವೆ.

ಕೊಂಡಿಗಳಲ್ಲಿ ಎಲ್‌ಜಿಬಿಯ ಕೊಕ್ಕೆ ಮತ್ತು ಬಳೆ ನೋಡೋಕೆ ದೊಡ್ಡದು, ಆದರೆ ಬಿಗಿ ತಿರುವಿನಲ್ಲಿ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ. ಕೇಡೀ (Kadee) ಕಂಪನಿಯ, ಬೆರಳ ಗೆಣ್ಣಿನಂತೆ ಕಚ್ಚಿಕೊಳ್ಳುವ ಕೊಂಡಿ ಅಮೆರಿಕದ ವ್ಯಾಗನ್‌ಗೆ ಚೆಂದ, ಆದರೆ ಎಲ್ಲವೂ ಒಂದೇ ಎತ್ತರದಲ್ಲಿ ಕೂರಬೇಕು. ಸರಪಳಿ ಕೊಂಡಿ ಸಣ್ಣ ಗಣಿ ವ್ಯಾಗನ್‌ಗೆ ತುಂಬಾ ಸಹಜ, ಹಾಕಿ ತೆಗೆಯೋಕೆ ಮಾತ್ರ ಬಗ್ಗಿ ಕೂರಬೇಕು. ಒಂದನ್ನು ಆರಿಸಿ, ಎಲ್ಲಾ ವ್ಯಾಗನ್‌ಗೂ ಅದನ್ನೇ ಹಾಕಿ. ಬದಲಿಸಲು ಮನಸ್ಸಿಲ್ಲದ ಹಳೇ ಡಬ್ಬಿಗಳಿದ್ದರೆ ಒಂದು ತುದಿಗೆ ಒಂದು ತರ, ಇನ್ನೊಂದು ತುದಿಗೆ ಇನ್ನೊಂದು ತರ ಕೊಂಡಿ ಹಾಕಿದ ಒಂದು ವ್ಯಾಗನ್ ಮಾಡಿಟ್ಟುಕೊಳ್ಳಿ. ದೊಡ್ಡ ರೈಲುಗಳಲ್ಲೂ ಇಂಥವು ಇದ್ದವು.

ಇನ್ನು ಕಟ್ಟೋಕೆ ಕೂರುವುದಾದರೆ ಒಂದನ್ನೇ ಕಟ್ಟಬೇಡಿ, ಒಂದೇ ತರದ ನಾಲ್ಕನ್ನು ಒಟ್ಟಿಗೆ ಶುರು ಮಾಡಿ. ದಪ್ಪ ಹಲಗೆಗೆ ಎರಡು ಪಟ್ಟಿ ಲಂಬಕೋನಕ್ಕೆ ಹೊಡೆದು ಒಂದು ಜಿಗ್, ಅಂದರೆ ಭಾಗಗಳನ್ನು ನೆಟ್ಟಗೆ ಹಿಡಿಯುವ ಚೌಕಟ್ಟು, ಮಾಡಿ, ಎಂಟು ಪಕ್ಕಗೋಡೆಗಳನ್ನೂ ಅದರಲ್ಲೇ ಅಂಟಿಸಿ. ಮೊದಲನೆಯದಕ್ಕೆ ಒಂದು ಸಂಜೆ ಹೋದರೆ ಉಳಿದ ಏಳಕ್ಕೂ ಸೇರಿ ಇನ್ನೊಂದು ಸಂಜೆ ಸಾಕು. ನೆಲಹಲಗೆಯಲ್ಲಿ ಮೂಲೆಗೊಂದರಂತೆ 2 ಮಿ.ಮೀ. ತೂತು ಬಿಡಿ, ಮಳೆ ನೀರು ಅಲ್ಲಿಂದ ಇಳಿದು ಹೋಗುತ್ತದೆ. ತೂತಿನ ಒಳಗೋಡೆಗೂ ಸೀಲರ್ ಮುಟ್ಟಿಸೋದನ್ನು ಮರೆಯಬೇಡಿ.